ಹೊಸ ಟೀ ತಳಿ: ತೂಗಿ ನೋಡಿ, ಕುಡಿದು ನೋಡಿ, ಆಮೇಲೆ ನೆಡಿ

ಟೀ ಗಿಡ ಒಮ್ಮೆ ಬೇರೂರಿತೆಂದರೆ ಐವತ್ತು ವರ್ಷ ಅದೇ ನಿಮ್ಮ ತೋಟ. ನೀಲಗಿರಿಯಲ್ಲಿ ನೂರು ದಾಟಿದ ಬೀಜದ ಗಿಡಗಳಿಂದ ಇವತ್ತಿಗೂ ಚಿಗುರು ಕೀಳುತ್ತಿದ್ದಾರೆ. ಭತ್ತದ ತಳಿ ಕೈಕೊಟ್ಟರೆ ಮುಂದಿನ ಮಳೆಗಾಲಕ್ಕೆ ಬೇರೆ ಬೀಜ ತರಬಹುದು; ಟೀಯಲ್ಲಿ ಆ ಅವಕಾಶವಿಲ್ಲ. ಹಾಗಿದ್ದೂ ತಳಿ ಆರಿಸುವ ಕೆಲಸ ಎಷ್ಟೋ ಸಲ ನರ್ಸರಿಯ ಬಾಗಿಲಲ್ಲೇ, ಮಾರುವವನ ಮಾತಿನ ಮೇಲೆಯೇ ಮುಗಿದುಹೋಗುತ್ತದೆ. "ಎಕರೆಗೆ ಇಷ್ಟು ಸಾವಿರ ಕಿಲೋ" ಎಂದು ಅವರು ಹೇಳುತ್ತಾರೆ. ಯಾವ ಎತ್ತರದಲ್ಲಿ, ಪ್ರೂನಿಂಗ್ (ಗಿಡ ಸವರುವುದು) ಆಗಿ ಎಷ್ಟನೇ ವರ್ಷದಲ್ಲಿ, ಎಷ್ಟು ಗೊಬ್ಬರಕ್ಕೆ ಎಂದು ಕೇಳುವವರು ಕಡಿಮೆ.

ಕೂನೂರು, ಕೋಟಗಿರಿ, ಗೂಡಲೂರಿನ ಸಣ್ಣ ಬೆಳೆಗಾರರಿಗೂ ಚಿಕ್ಕಮಗಳೂರು, ಕೊಡಗು, ಹಾಸನದ ಕಡೆ ಕಾಫಿಯ ಜೊತೆ ಸ್ವಲ್ಪ ಟೀ ಇಟ್ಟುಕೊಂಡಿರುವವರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಬಲವಾಗಿ ನಂಬಿರುವುದು ಇಷ್ಟು: ತಳಿಯೊಂದು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ತಳಿಯ ಪಕ್ಕದಲ್ಲಿ, ನಿಮ್ಮದೇ ಮಣ್ಣಿನಲ್ಲಿ, ನೀವು ಕೊಯ್ಯುವ ರೀತಿಯಲ್ಲಿ ಕೊಯ್ದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದಷ್ಟೇ ಲೆಕ್ಕಕ್ಕೆ ಬರುವ ಮಾತು. ತೂಕವನ್ನೂ ರುಚಿಯನ್ನೂ ಅದೇ ಗಿಡಗಳಿಂದ ಅಳೆಯಬೇಕು. ಇಳುವರಿಯನ್ನು ಒಂದು ತೋಟದಲ್ಲಿ ನೋಡಿ, ರುಚಿಯನ್ನು ಬೇರೆಲ್ಲೋ ಕುಡಿದು ತೀರ್ಮಾನಿಸಿದರೆ ನೀವು ನೋಡಿದ್ದು ಎರಡು ಬೇರೆ ಬೇರೆ ತಳಿಗಳನ್ನೇ.

ಮೊದಲು ಹೋಲಿಕೆಯ ತಳಿ ಗೊತ್ತುಮಾಡಿ

ಟೀ ಗಿಡ ತನ್ನದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಬೀಜದಿಂದ ಬಂದ ಪ್ರತಿ ಗಿಡವೂ ಬೇರೆಯೇ. ಹಳೆಯ ಬೀಜದ ತೋಟದಲ್ಲಿ ಅಕ್ಕಪಕ್ಕದ ಎರಡು ಗಿಡಗಳ ಎಲೆ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಒಂದರ ಎಲೆ ಅಂಗೈಯಗಲ, ಇನ್ನೊಂದರದು ಹೆಬ್ಬೆರಳಷ್ಟು. ಅಂಥ ಗಿಡಗಳಲ್ಲಿ ಒಳ್ಳೆಯದನ್ನು ಆರಿಸಿ, ಒಂದೆಲೆಯ ಕಡ್ಡಿಗಳಿಂದ ಬೆಳೆಸಿದ್ದೇ ಕ್ಲೋನ್. ಅಸ್ಸಾಮಿನ ಜೋರ್ಹಾಟ್ ಬಳಿ 1911ರಲ್ಲಿ ಶುರುವಾದ ಟೋಕ್ಲಾಯ್ ಸಂಶೋಧನಾ ಕೇಂದ್ರ ತನ್ನ ಮೊದಲ ಕ್ಲೋನ್‌ಗಳನ್ನು ಬೆಳೆಗಾರರಿಗೆ ಕೊಟ್ಟದ್ದು 1949ರಲ್ಲಿ. ಟಿವಿ 1 ಎಂದು ಇಂದಿಗೂ ಹೆಸರಿರುವುದು ಆ ಗುಂಪಿನದೇ. ಅಲ್ಲಿಯವರು ಕ್ಲೋನ್‌ಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ಇಳುವರಿಯವು, ಗುಣಮಟ್ಟದವು, ಎರಡರಲ್ಲೂ ಸರಾಸರಿಗಿಂತ ಮೇಲಿರುವವು. ಇದು ಬಹಳ ಪ್ರಾಮಾಣಿಕವಾದ ವಿಂಗಡಣೆ. ಎರಡರಲ್ಲೂ ತುತ್ತತುದಿಯಲ್ಲಿರುವ ತಳಿ ಸಿಗುವುದು ಅಪರೂಪ ಎಂಬುದನ್ನು ಅದು ಮೊದಲೇ ಒಪ್ಪಿಕೊಂಡಿದೆ.

ದಕ್ಷಿಣದಲ್ಲಿ ಈ ಕೆಲಸ ಮಾಡಿದ್ದು ಉಪಾಸಿ. 1893ರಲ್ಲಿ ಹುಟ್ಟಿದ ಪ್ಲಾಂಟರುಗಳ ಈ ಸಂಘಕ್ಕೆ ಆನೆಮಲೆಯ ವಾಲ್ಪಾರೈಯಲ್ಲಿ ಸಂಶೋಧನಾ ಕೇಂದ್ರವಿದೆ. ಉಪಾಸಿ 3, ಉಪಾಸಿ 9, ಉಪಾಸಿ 17 ಮುಂತಾದವು ಅಲ್ಲಿಂದ ಬಂದವು. ಬರ ತಡೆಯುವುದಕ್ಕೆ ಉಪಾಸಿ 9ರ ಹೆಸರು ಹೇಳುತ್ತಾರೆ. ಪರಿಮಳದ ಮಾತು ಬಂದಾಗ ನೀಲಗಿರಿಯ ಕ್ರೇಗ್‌ಮೋರ್ ಎಸ್ಟೇಟಿನಲ್ಲಿ ಆರಿಸಿದ ಸಿಆರ್ 6017 ಬಾಯಿಗೆ ಬರುತ್ತದೆ.

ನನ್ನ ಸಲಹೆ, ಹೋಲಿಕೆಗೆ ಒಂದಲ್ಲ, ಎರಡು ತಳಿ ಇಟ್ಟುಕೊಳ್ಳಿ. ಒಂದು ನಿಮ್ಮ ಸೀಮೆಯಲ್ಲಿ ಬುಟ್ಟಿ ತುಂಬಿಸುವುದಕ್ಕೆ ಹೆಸರಾದದ್ದು, ಇನ್ನೊಂದು ರುಚಿಗೆ ಹೆಸರಾದದ್ದು. ಹೊಸ ತಳಿ ಮೊದಲನೆಯದರಷ್ಟು ತೂಗಬೇಕು, ಎರಡನೆಯದರ ಹತ್ತಿರಕ್ಕಾದರೂ ರುಚಿಸಬೇಕು. ಹೋಲಿಕೆಯ ತಳಿಯಿಲ್ಲದೆ ಮಾಡಿದ ಪರೀಕ್ಷೆಯಲ್ಲಿ ಬಂದ ಕಿಲೋ ಲೆಕ್ಕ ತಳಿಯದೋ ಆ ವರ್ಷದ ಮಳೆಯದೋ ಎಂದು ಯಾರೂ ಹೇಳಲಾರರು.

ಹಳೆಯ ಬೀಜದ ತೋಟ ಇರುವವರು ಹೊಸ ತಳಿಗಾಗಿ ಹೊರಗೆ ಹುಡುಕುವ ಮೊದಲು ತಮ್ಮ ತೋಟದಲ್ಲೇ ಒಮ್ಮೆ ಕಣ್ಣಾಡಿಸಲಿ. ಪ್ರೂನಿಂಗ್ ಆದಮೇಲೆ ಬೇಗ ಮತ್ತು ಸಮನಾಗಿ ಚಿಗುರುವ ಗಿಡ, ಮೇಲ್ಮೈಯಲ್ಲಿ ಕುಡಿ ಒತ್ತೊತ್ತಾಗಿ ಏಳುವ ಗಿಡ, ಹೂವು ಕಾಯಿ ಕಡಿಮೆ ಬಿಡುವ ಗಿಡ, ಮಾರ್ಚ್ ಬಿಸಿಲಿಗೂ ಎಲೆ ಜೋಲದ ಗಿಡ ಕಂಡರೆ ಬಣ್ಣದ ಪಟ್ಟಿ ಕಟ್ಟಿಡಿ. ಎರಡು ಮೂರು ವರ್ಷ ಅವುಗಳ ಎಲೆಯನ್ನು ಬೇರೆಯೇ ತೂಗಿ. ಜಪಾನಿನ ಯಾಬುಕಿತಾ ತಳಿ ಹುಟ್ಟಿದ್ದೂ ಹೀಗೇ, ಒಬ್ಬ ಬೆಳೆಗಾರನ ಕಣ್ಣಿನಿಂದ. ಸುಗಿಯಾಮಾ ಹಿಕೊಸಾಬುರೊ ಅದನ್ನು 1908ರಲ್ಲಿ ಆರಿಸಿದರು. ಸರ್ಕಾರ ಅದನ್ನು ನೋಂದಾಯಿಸಿದ್ದು 1953ರಲ್ಲಿ.

ನರ್ಸರಿ ಹಂತ

ಇಲ್ಲಿ ನೋಡಬೇಕಾದ್ದು ಮುಖ್ಯವಾಗಿ ಒಂದೇ: ಕಡ್ಡಿ ಬೇರು ಬಿಡುತ್ತದೆಯೇ? ಪ್ರತಿ ತಳಿಯಿಂದ ನೂರು ಕಡ್ಡಿ, ಒಂದೇ ದಿನ, ಒಂದೇ ಮಣ್ಣು, ಒಂದೇ ನೆರಳು. ಕೆಳಪದರದ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 5.5ರ ನಡುವೆ ಇರಲಿ. ಮೂರು ತಿಂಗಳ ಹೊತ್ತಿಗೆ ಎಷ್ಟು ಬೇರು ಬಿಟ್ಟಿವೆ, ಒಂದು ವರ್ಷ ತುಂಬುವಾಗ ಎಷ್ಟು ಗಿಡ ನೆಡಲು ಯೋಗ್ಯವಾಗಿವೆ ಎಂದು ಎಣಿಸಿ ಬರೆಯಿರಿ. ಅರ್ಧದಷ್ಟು ಸಾಯುವ ತಳಿ ತೋಟದಲ್ಲಿ ಎಷ್ಟೇ ಚೆನ್ನಾಗಿ ಬಂದರೂ ಗಿಡದ ಬೆಲೆ ಏರುತ್ತದೆ. ಬೇರು ಬಿಡುವುದರಲ್ಲಿ ಸೋಮಾರಿ, ರುಚಿಯಲ್ಲಿ ಮಾತ್ರ ಬಹಳ ಚೆನ್ನ ಎನ್ನುವ ತಳಿಯನ್ನು ಬರ ತಡೆಯುವ ತಳಿಯ ಬುಡದ ಮೇಲೆ ಕಸಿ ಮಾಡಿ ಉಳಿಸಿಕೊಳ್ಳಬಹುದು. ಬೇರಿನ ಕಡ್ಡಿಗೆ ಚಿಗುರಿನ ಕಡ್ಡಿ ಕೂಡಿಸಿ ನರ್ಸರಿಯಲ್ಲೇ ಕಸಿ ಮಾಡುವ ಪದ್ಧತಿ ದಕ್ಷಿಣದ ತೋಟಗಳಲ್ಲಿದೆ. ಗಿಡ ಚೆನ್ನಾಗಿ ಬೆಳೆದಿದೆ ಎಂದು ನರ್ಸರಿಯಲ್ಲೇ ತಳಿಗೆ ಅಂಕ ಕೊಡಬೇಡಿ. ಚೀಲದಲ್ಲಿ ಎತ್ತರ ಬೆಳೆಯುವುದಕ್ಕೂ ತೋಟದಲ್ಲಿ ಎಲೆ ಕೊಡುವುದಕ್ಕೂ ಸಂಬಂಧ ಕಡಿಮೆ.

ತೋಟದಲ್ಲಿ ಜಾಗ ಹಂಚುವುದು

ಮೂರು ಹೊಸ ತಳಿ, ಎರಡು ಹೋಲಿಕೆಯ ತಳಿ, ಒಟ್ಟು ಐದು ಎಂದಿಟ್ಟುಕೊಳ್ಳಿ. ಪ್ರತಿ ತಳಿಗೆ 40 ಗಿಡಗಳ ಒಂದು ತುಂಡು. ಅಂಥ ಐದು ತುಂಡು ಸೇರಿದರೆ ಒಂದು ಬ್ಲಾಕ್, ಒಟ್ಟು ನಾಲ್ಕು ಬ್ಲಾಕ್. ಅಲ್ಲಿಗೆ 800 ಗಿಡ. 1.2 ಮೀಟರ್ ಸಾಲು, ಗಿಡದಿಂದ ಗಿಡಕ್ಕೆ 75 ಸೆಂಟಿಮೀಟರ್ ಇಟ್ಟರೆ ಒಂದು ಗಿಡಕ್ಕೆ 0.9 ಚದರ ಮೀಟರ್, ಒಟ್ಟು 720 ಚದರ ಮೀಟರ್, ಅಂದರೆ ಏಳು ಗುಂಟೆ. ಅಂಚಿನಲ್ಲಿ ತೂಕದ ಲೆಕ್ಕಕ್ಕೆ ಸೇರದ ಕಾವಲು ಸಾಲು ಬಿಟ್ಟರೂ ಕಾಲು ಎಕರೆಯಲ್ಲಿ ಮುಗಿಯುತ್ತದೆ. ಐವತ್ತು ವರ್ಷದ ನಿರ್ಧಾರಕ್ಕೆ ಕಾಲು ಎಕರೆ ದೊಡ್ಡದೇನಲ್ಲ.

ಬ್ಲಾಕ್ ಹೇಗೆ ಹಾಕುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ಬೆಟ್ಟದ ಇಳಿಜಾರಿನಲ್ಲಿ ಮೇಲಿನ ಮಣ್ಣು ತೆಳು, ಕೆಳಗೆ ದಪ್ಪ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಹಿಮ ಬೀಳುವುದೂ ಅಲ್ಲೇ. ಆದ್ದರಿಂದ ಒಂದು ಬ್ಲಾಕನ್ನು ಮೇಲಿನಿಂದ ಕೆಳಕ್ಕೆ ಎಳೆಯಬೇಡಿ. ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಹಾಕಿ, ನಾಲ್ಕು ಬ್ಲಾಕ್ ಒಂದರ ಕೆಳಗೊಂದು ಬರಲಿ. ಆಗ ಒಂದು ಬ್ಲಾಕಿನೊಳಗಿನ ಐದು ತಳಿಗೂ ಹೆಚ್ಚುಕಡಿಮೆ ಒಂದೇ ಮಣ್ಣು ಸಿಗುತ್ತದೆ. ಬ್ಲಾಕಿನೊಳಗೆ ಯಾವ ತಳಿ ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಇಷ್ಟದ ತಳಿಯನ್ನು ಒಳ್ಳೆಯ ಮಣ್ಣಿಗೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಚೀಟಿ ಅದನ್ನು ತಡೆಯುತ್ತದೆ. ಸಿಲ್ವರ್ ಓಕ್ ನೆರಳು ಒಂದು ತುಂಡಿನ ಮೇಲೆ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ ಬೀಳದಂತೆ ನೋಡಿಕೊಳ್ಳಿ. ನಕ್ಷೆಯ ಎರಡು ಪ್ರತಿ ಇರಲಿ, ಒಂದು ಮನೆಯಲ್ಲಿ. ಕಲ್ಲಿನ ಮೇಲೆ ಬರೆದ ಬಣ್ಣ ಎರಡು ಮಳೆಗಾಲಕ್ಕೆ ಮಾಸುತ್ತದೆ.

ಇಳುವರಿಯನ್ನು ಅಳೆಯುವುದು

ನೆಟ್ಟ ಮೊದಲ ಮೂರು ವರ್ಷದ ತೂಕವನ್ನು ಬರೆದಿಡಿ, ಆದರೆ ಅದರ ಮೇಲೆ ತೀರ್ಪು ಕೊಡಬೇಡಿ. ಗಿಡ ಆಗ ತನ್ನ ಚೌಕಟ್ಟು ಕಟ್ಟಿಕೊಳ್ಳುತ್ತಿರುತ್ತದೆ. ಬೇಗ ಹಬ್ಬುವ ತಳಿ ಆಗ ಮುಂದಿರುತ್ತದೆ, ನಿಧಾನವಾಗಿ ಹಬ್ಬಿ ಆಮೇಲೆ ಹಿಂದಿಕ್ಕುವ ತಳಿಗಳೂ ಇವೆ. ನಿಜವಾದ ಲೆಕ್ಕ ಶುರುವಾಗುವುದು ಮೊದಲ ಸರಿಯಾದ ಪ್ರೂನಿಂಗ್ ಆದಮೇಲೆ. ಅಲ್ಲಿಂದ ಮುಂದಿನ ಪ್ರೂನಿಂಗ್‌ವರೆಗೆ, ಎತ್ತರವನ್ನು ಅವಲಂಬಿಸಿ ನಾಲ್ಕರಿಂದ ಐದು ವರ್ಷ, ಪೂರ್ತಿ ಒಂದು ಸುತ್ತು ತೂಗಬೇಕು. ಪ್ರೂನಿಂಗ್ ಮಾಡಿದ ವರ್ಷ ಎಲೆ ಕಡಿಮೆ, ನಡುವಿನ ವರ್ಷಗಳಲ್ಲಿ ಹೆಚ್ಚು, ಕೊನೆಯ ವರ್ಷದಲ್ಲಿ ಬಂಜಿ ಜಾಸ್ತಿ. ಕುಡಿ ಸುಮ್ಮನಾಗಿ ಬೆಳೆಯದೆ ನಿಂತ ಚಿಗುರನ್ನು ತೋಟದವರು ಬಂಜಿ ಎನ್ನುತ್ತಾರೆ. ಕೆಲವು ತಳಿ ಕೊನೆಯ ವರ್ಷದಲ್ಲೂ ಬಂಜಿಗೆ ಬೀಳದೆ ನಿಲ್ಲುತ್ತವೆ. ಇದು ಗೊತ್ತಾಗುವುದು ಪೂರ್ತಿ ಸುತ್ತು ಕಾದವರಿಗೆ ಮಾತ್ರ.

ಪ್ರತಿ ಕೊಯ್ಲಿನಲ್ಲಿ ಒಂದೊಂದು ತುಂಡಿನ ಎಲೆಯನ್ನು ಬೇರೆ ಚೀಲಕ್ಕೆ ಹಾಕಿ ಅಲ್ಲೇ ತೂಗಿ. ಒಂದು ಬ್ಲಾಕಿನ ಐದೂ ತುಂಡನ್ನು ಅದೇ ಕೈ ಕೀಳಲಿ, ಅದೇ ದಿನ ಮುಗಿಯಲಿ. ಕೀಳುವವರ ಕೈಗಳ ನಡುವಿನ ವ್ಯತ್ಯಾಸ ತಳಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಿರಬಹುದು: ಒಬ್ಬಾಕೆ ಎರಡೆಲೆ ಒಂದು ಕುಡಿಗೇ ನಿಲ್ಲುತ್ತಾಳೆ, ಇನ್ನೊಬ್ಬಾಕೆಯ ಬುಟ್ಟಿಯಲ್ಲಿ ನಾಲ್ಕನೇ ಎಲೆಯೂ ಇರುತ್ತದೆ. ಒಬ್ಬಾಕೆಗೆ ಬರೀ ಹೊಸ ತಳಿ, ಇನ್ನೊಬ್ಬಾಕೆಗೆ ಬರೀ ಹಳೆಯದು ಎಂದು ಹಂಚಿದರೆ ನೀವು ಅಳೆಯುತ್ತಿರುವುದು ಅವರಿಬ್ಬರನ್ನು.

ಮಳೆಯ ದಿನದ ತೂಕ ಮೋಸದ್ದು. ಜುಲೈ ಬೆಳಗ್ಗೆ ಕಿತ್ತ ಎಲೆಯ ಚೀಲದ ತಳದಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಅಗಲ ಎಲೆಯ ತಳಿ ಸಣ್ಣ ಎಲೆಯದಕ್ಕಿಂತ ಬೇರೆ ಪ್ರಮಾಣದ ನೀರು ಹಿಡಿಯುತ್ತದೆ, ಹಾಗಾಗಿ ಎಲ್ಲದರಿಂದಲೂ ಒಂದೇ ಶೇಕಡಾ ಕಳೆದರೆ ಸರಿಹೋಗದು. ತುಂಡಿನ ಎಲೆಯನ್ನು ಕಲಸಿ ಒಂದು ಕಿಲೋ ತೆಗೆಯಿರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಜೋರಾಗಿ ಬೀಸಿ ಮೇಲಿನ ನೀರು ಹಾರಿಸಿ, ಮತ್ತೆ ತೂಗಿ. ಎಷ್ಟು ಇಳಿಯಿತೋ ಆ ಅನುಪಾತದಲ್ಲಿ ಇಡೀ ತುಂಡಿನ ತೂಕ ತಿದ್ದಿ.

ಒಳಗಿನ ನೀರೂ ಇದೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ. ತಿಂಗಳಿಗೊಮ್ಮೆ ಪ್ರತಿ ತಳಿಯ 100 ಗ್ರಾಂ ಎಲೆಯನ್ನು ಓವನ್ನಿನಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿ ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿ. ಉಳಿದ ಗ್ರಾಮೇ ಒಣ ಅಂಶದ ಶೇಕಡಾವಾರು. ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯೋಣ. ಹೋಲಿಕೆಯ ತಳಿ ವರ್ಷಕ್ಕೆ ಗಿಡಕ್ಕೆ 1.2 ಕಿಲೋ ಹಸಿ ಎಲೆ ಕೊಟ್ಟಿತು, ಒಣ ಅಂಶ ಶೇ. 22.5. ಮೇಲೆ ಹೇಳಿದ ಅಂತರದಲ್ಲಿ ಹೆಕ್ಟೇರಿಗೆ 11,111 ಗಿಡ. 13,333 ಕಿಲೋ ಹಸಿ ಎಲೆ, ಸುಮಾರು 3,000 ಕಿಲೋ ಟೀ. ಹೊಸ ತಳಿ ಗಿಡಕ್ಕೆ 1.35 ಕಿಲೋ ಕೊಟ್ಟಿತು, ಒಣ ಅಂಶ ಮಾತ್ರ ಶೇ. 20.5. ಹಸಿ ಎಲೆ 15,000 ಕಿಲೋ, ಟೀ 3,075. ಬುಟ್ಟಿಯಲ್ಲಿ ಶೇ. 12.5 ಹೆಚ್ಚು ಕಂಡದ್ದು ಪುಡಿಯಲ್ಲಿ ಶೇ. 2.5ಕ್ಕೆ ಇಳಿಯಿತು. ಉಳಿದ ತೂಕವೆಲ್ಲ ನೀರು, ಅದನ್ನು ಕೀಳಲು ಕೊಟ್ಟ ಕೂಲಿ ಮಾತ್ರ ಪೂರ್ತಿ.

ತೂಕದ ಜೊತೆಗೇ ಎಲೆಯನ್ನು ಬಿಡಿಸಿ ನೋಡುವ ಅಭ್ಯಾಸ ಇರಲಿ. 100 ಗ್ರಾಂ ಎಲೆಯನ್ನು ಮೇಜಿನ ಮೇಲೆ ಹರವಿ, ಎರಡೆಲೆ ಕುಡಿ, ಮೂರೆಲೆ ಕುಡಿ, ಎಳೆಯ ಬಂಜಿ, ಬಲಿತ ಎಲೆ ಎಂದು ಗುಡ್ಡೆ ಮಾಡಿ ತೂಗಿ. ತೂಕ ಹೆಚ್ಚು ಬಂದದ್ದು ಕುಡಿಗಳ ಸಂಖ್ಯೆಯಿಂದಲೋ, ಒಂದೊಂದು ಕುಡಿಯ ಗಾತ್ರದಿಂದಲೋ ಎಂದು ಆಗ ತಿಳಿಯುತ್ತದೆ. ಕೈಯಲ್ಲಿ ಕೀಳಿಸುವವರಿಗೆ ಕಡಿಮೆ ಸಂಖ್ಯೆಯ ದಪ್ಪ ಕುಡಿ ಲಾಭ, ಕೂಲಿಯ ದಿನಕ್ಕೆ ಹೆಚ್ಚು ತೂಕ ಬರುತ್ತದೆ. ಆಳು ಸಿಗದೆ ಕತ್ತರಿಯಲ್ಲೋ ಮೆಷಿನ್ನಿನಲ್ಲೋ ಕೊಯ್ಯುವವರು ಪರೀಕ್ಷೆಯ ತುಂಡುಗಳನ್ನೂ ಹಾಗೇ ಕೊಯ್ಯಲಿ. ಕೈಗೆ ಚೆನ್ನಾಗಿ ಒಲಿಯುವ ತಳಿ ಕತ್ತರಿಗೆ ಒಲಿಯಬೇಕೆಂದಿಲ್ಲ. ಕತ್ತರಿಗೆ ಬೇಕಾದದ್ದು ಕುಡಿಗಳು ಒಟ್ಟಿಗೆ, ಒಂದೇ ಎತ್ತರಕ್ಕೆ ಏಳುವ ಗುಣ.

ವರ್ಷದ ಮೊತ್ತವನ್ನು ಮಾತ್ರ ನೋಡಬೇಡಿ, ತಿಂಗಳವಾರು ಹಂಚಿಕೆಯನ್ನೂ ನೋಡಿ. ದಕ್ಷಿಣದಲ್ಲಿ ಏಪ್ರಿಲ್‌ನಿಂದ ಜೂನ್, ಮತ್ತೆ ಸೆಪ್ಟೆಂಬರ್‌ನಿಂದ ನವೆಂಬರ್ ಎಲೆ ನುಗ್ಗುವ ಕಾಲ. ಆಗ ಕಾರ್ಖಾನೆ ತುಂಬಿರುತ್ತದೆ, ಆಳು ಸಿಗುವುದಿಲ್ಲ. ಆ ಎರಡು ನೂಕುನುಗ್ಗಲಿನಲ್ಲೇ ಎಲ್ಲವನ್ನೂ ಸುರಿಯುವ ತಳಿಗಿಂತ, ಮೊತ್ತ ಸ್ವಲ್ಪ ಕಡಿಮೆಯಾದರೂ ವರ್ಷವಿಡೀ ಹರಡಿಕೊಂಡು ಕೊಡುವ ತಳಿ ಸಣ್ಣ ಬೆಳೆಗಾರನಿಗೆ ಮೇಲು. ಜಪಾನಿನಲ್ಲಿ ಬಹುಪಾಲು ತೋಟ ಯಾಬುಕಿತಾ ಒಂದೇ ಆದ್ದರಿಂದ ಕೊಯ್ಲು ಒಂದೇ ವಾರಗಳಿಗೆ ಬಂದು ಮುಗಿಬಿದ್ದು, ಆಮೇಲೆ ಬೇಗ ಚಿಗುರುವ, ತಡವಾಗಿ ಚಿಗುರುವ ತಳಿಗಳನ್ನು ಹುಡುಕಬೇಕಾಯಿತು.

ಗೆಲುವು ಸೋಲು ಹೇಗೆ ತೀರ್ಮಾನಿಸುವುದು? ಸಂಖ್ಯಾಶಾಸ್ತ್ರ ಗೊತ್ತಿದ್ದವರಿಂದ ಲೆಕ್ಕ ಮಾಡಿಸಿದರೆ ಉತ್ತಮ. ಇಲ್ಲದಿದ್ದರೆ ಒಂದು ಸರಳ ಕಟ್ಟಳೆ ಇಟ್ಟುಕೊಳ್ಳಿ: ಹೊಸ ತಳಿ ನಾಲ್ಕೂ ಬ್ಲಾಕಿನಲ್ಲಿ ಹೋಲಿಕೆಯ ತಳಿಯನ್ನು ಮೀರಿಸಿರಬೇಕು. ಇಬ್ಬರೂ ಸಮಾನರಾಗಿದ್ದರೆ ಬರೀ ಅದೃಷ್ಟದಿಂದ ಹೀಗಾಗುವ ಸಾಧ್ಯತೆ ಹದಿನಾರರಲ್ಲಿ ಒಂದು. ಸರಾಸರಿಯಲ್ಲಿ ಮುಂದಿದ್ದು, ಎರಡು ಬ್ಲಾಕಿನಲ್ಲಿ ಹಿಂದಿದ್ದರೆ ಆ ಗೆಲುವನ್ನು ನಂಬಬೇಡಿ, ಎಲ್ಲೋ ಒಂದು ಮೂಲೆಯ ಮಣ್ಣು ಅದನ್ನು ಎತ್ತಿರಬಹುದು.

ಬರ, ಗುಳ್ಳೆ ರೋಗ, ಕೀಟ

ಜನವರಿಯಿಂದ ಏಪ್ರಿಲ್‌ವರೆಗೆ ಹದಿನೈದು ದಿನಕ್ಕೊಮ್ಮೆ ಒಣಗಿದ ಗಿಡ, ಎಲೆ ಸುಟ್ಟ ಗಿಡ ಎಣಿಸಿ. ಮೊದಲ ಮಳೆ ಬಿದ್ದಮೇಲೆ ಯಾವ ತಳಿ ಎಷ್ಟು ದಿನಕ್ಕೆ ಕೊಯ್ಲಿಗೆ ಬಂತು ಎಂದು ಬರೆದಿಡಿ. ಬರದಲ್ಲಿ ಉಳಿಯುವುದು ಒಂದು ಗುಣ, ಬರ ಮುಗಿದಮೇಲೆ ಬೇಗ ಏಳುವುದು ಇನ್ನೊಂದು. ಮಳೆಗಾಲದಲ್ಲಿ ಬ್ಲಿಸ್ಟರ್ ಬ್ಲೈಟ್, ಅಂದರೆ ಎಳೆ ಎಲೆಯ ಮೇಲೆ ಗುಳ್ಳೆ ಏಳಿಸುವ ರೋಗ ನೋಡಿ. ಅದು ಹಿಡಿಯುವುದು ನಾವು ಕೀಳುವ ಭಾಗವನ್ನೇ, ಆದ್ದರಿಂದ ತೂಕವೂ ರುಚಿಯೂ ಒಟ್ಟಿಗೆ ಹೋಗುತ್ತವೆ. 100 ಕುಡಿ ತೆಗೆದು ಎಷ್ಟರಲ್ಲಿ ಗುಳ್ಳೆ ಇದೆ ಎಂದು ಎಣಿಸಿದರೆ ಸಾಕು. ಒಂದು ಬ್ಲಾಕಿಗಾದರೂ ಆ ಕಾಲದಲ್ಲಿ ಔಷಧಿ ಹೊಡೆಯದೆ ಬಿಟ್ಟರೆ ತಳಿಯ ನಿಜವಾದ ತಾಳಿಕೆ ಕಾಣುತ್ತದೆ. ಕರಾವಳಿಯ ಗೇರು ಬೆಳೆಗಾರರಿಗೂ ಗೊತ್ತಿರುವ ಟೀ ಸೊಳ್ಳೆ ಎಂಬ ರಸ ಹೀರುವ ತಿಗಣೆ, ನುಸಿ, ಥ್ರಿಪ್ಸ್ ಇವುಗಳಿಗೂ ಇದೇ ರೀತಿಯ ಎಣಿಕೆ.

ಕಪ್ಪಿಗೆ ಬರುವ ಮುನ್ನ: ಟೀ ಮಾಡುವುದು

ರುಚಿ ಪರೀಕ್ಷೆ ಸೋಲುವುದು ಹೆಚ್ಚಾಗಿ ರುಚಿ ನೋಡುವಾಗ ಅಲ್ಲ, ಟೀ ತಯಾರಿಸುವಾಗ.

ಎಲೆ ಕೀಳುವ ಮಟ್ಟ ಒಂದೇ ಇರಬೇಕು. ಟೀಗೆ ಬಣ್ಣ, ಒಗರು ಕೊಡುವ ಪಾಲಿಫಿನಾಲ್‌ಗಳು ಕುಡಿಯಲ್ಲೂ ಮೊದಲ ಎಲೆಯಲ್ಲೂ ಹೆಚ್ಚು, ಕೆಳಗಿನ ಎಲೆಗಳಿಗೆ ಹೋದಂತೆ ಕಡಿಮೆ, ನಾರು ಹೆಚ್ಚು. ಒಂದು ತಳಿಯ ಎರಡೆಲೆ ಕುಡಿಯನ್ನು ಇನ್ನೊಂದರ ನಾಲ್ಕೆಲೆ ಕುಡಿಯ ಜೊತೆ ಹೋಲಿಸಿದರೆ ತಳಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಪ್ರೂನಿಂಗ್ ಆದ ವರ್ಷವೂ ಒಂದೇ ಇರಲಿ.

ಎಲೆಯನ್ನು ಜಜ್ಜಿ, ಹರಿದು, ಕಾಳಿನಂತೆ ಸುರುಳಿಸುವ ಸಣ್ಣ ಸಿಟಿಸಿ ಯಂತ್ರ ಇರುವ ಸಂಶೋಧನಾ ಕೇಂದ್ರಕ್ಕೆ ಮಾದರಿ ಕಳಿಸಲಾದರೆ ಕಳಿಸಿ. ಆಗದಿದ್ದರೆ ಕೈಯಲ್ಲಿ ಉಜ್ಜಿ ಆರ್ಥೊಡಾಕ್ಸ್ ಬಗೆಯ ಟೀ ಮಾಡಿಯೂ ತಳಿಗಳನ್ನು ಹೋಲಿಸಬಹುದು. ಪ್ರತಿ ತಳಿಯಿಂದ ನಾಲ್ಕೂ ಬ್ಲಾಕಿನ ಎಲೆ ಸಮನಾಗಿ ಸೇರಿಸಿ ಒಂದು ಕಿಲೋ. ನೆರಳಲ್ಲಿ, ತೆಳ್ಳಗೆ, ಜಾಲರಿಯ ಮೇಲೆ ಹರವಿ ರಾತ್ರಿಯಿಡೀ ಬಾಡಿಸಿ. ಬಾಡಿದ್ದು ಸಾಕೋ ಇಲ್ಲವೋ ಎಂಬುದನ್ನು ಕೈಯಿಂದ ಹಿಸುಕಿ ಊಹಿಸುವುದಕ್ಕಿಂತ ತೂಗಿ ತಿಳಿಯಿರಿ. ಒಂದು ಕಿಲೋ ಹಸಿ ಎಲೆಯಲ್ಲಿ ಶೇ. 78 ನೀರಿದ್ದರೆ ಒಣ ಅಂಶ 220 ಗ್ರಾಂ. ಎಲೆಯ ತೂಕ 550 ಗ್ರಾಮಿಗೆ ಇಳಿದಾಗ ಶೇ. 60 ನೀರು ಉಳಿದಿರುತ್ತದೆ, ಕೈಯಲ್ಲಿ ಉಜ್ಜಲು ಇದು ಸರಿಯಾದ ಹದ. ಒಣ ಅಂಶ ತಳಿಯಿಂದ ತಳಿಗೆ ಬೇರೆಯಾದ್ದರಿಂದ ಎಲ್ಲಕ್ಕೂ 550 ಎಂದು ಹಿಡಿಯದೆ, ನೀವು ಮೊದಲೇ ಅಳೆದಿಟ್ಟ ಶೇಕಡಾವಾರಿನಿಂದ ಒಂದೊಂದಕ್ಕೂ ಲೆಕ್ಕ ಹಾಕಿ.

ಬಾಡಿದ ಎಲೆಯನ್ನು ಬಿದಿರಿನ ಮೊರದ ಮೇಲೋ ಒರಟು ಚಾಪೆಯ ಮೇಲೋ ಇಪ್ಪತ್ತು, ಇಪ್ಪತ್ತೈದು ನಿಮಿಷ ಚೆನ್ನಾಗಿ ಉಜ್ಜಿ, ನಡುನಡುವೆ ಉಂಡೆ ಒಡೆಯಿರಿ. ರಸ ಹೊರಬಂದು ಎಲೆಗೆ ಅಂಟಬೇಕು. ಆಮೇಲೆ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಹರವಿ, ಮೇಲೆ ಒದ್ದೆ ಬಟ್ಟೆ ಎಲೆಗೆ ತಾಗದಂತೆ ಹಿಡಿಸಿ, 24ರಿಂದ 27 ಡಿಗ್ರಿಯ ಕೋಣೆಯಲ್ಲಿಡಿ. ಎಲೆಯೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕ ಬಳಸಿ ಕ್ಯಾಟೆಚಿನ್ ಎಂಬ ಪಾಲಿಫಿನಾಲ್‌ಗಳನ್ನು ಥಿಯಾಫ್ಲಾವಿನ್, ಥಿಯಾರುಬಿಜಿನ್‌ಗಳಾಗಿ ಮಾರ್ಪಡಿಸುವುದು ಇಲ್ಲಿ. ಮೊದಲನೆಯದು ಹೊಳಪು ಮತ್ತು ಚುರುಕನ್ನೂ ಎರಡನೆಯದು ಬಣ್ಣ ಮತ್ತು ಗಟ್ಟಿತನವನ್ನೂ ಕೊಡುತ್ತದೆ. ಹೊತ್ತು ಕಳೆದಂತೆ ಥಿಯಾಫ್ಲಾವಿನ್ ಏರಿ, ಒಂದು ತುದಿ ಮುಟ್ಟಿ, ಮತ್ತೆ ಇಳಿಯುತ್ತದೆ.

ಆ ತುದಿ ಪ್ರತಿ ತಳಿಗೂ ಬೇರೆ ಹೊತ್ತಿಗೆ ಬರುತ್ತದೆ. ಎಲ್ಲ ತಳಿಗೂ ಒಂದೇ ಅವಧಿ ಕೊಟ್ಟು ಒಣಗಿಸಿದರೆ, ಬೇಗ ಹದಕ್ಕೆ ಬರುವ ತಳಿ ಸಪ್ಪೆಯಾಗಿ, ನಿಧಾನದ್ದು ಹಸಿಹಸಿಯಾಗಿ ಬರುತ್ತದೆ, ನಡುವಿನದು ಗೆಲ್ಲುತ್ತದೆ. ಒಳ್ಳೆಯ ತಳಿಯೊಂದನ್ನು ಹೀಗೆ ಕೈಬಿಡುವುದು ನನಗೆ ನಿಜಕ್ಕೂ ಸಂಕಟದ ವಿಷಯ, ಏಕೆಂದರೆ ಇದನ್ನು ತಪ್ಪಿಸುವುದು ಸುಲಭ. ಉಜ್ಜಲು ಶುರುಮಾಡಿದ ಹೊತ್ತಿನಿಂದ 60, 90, 120, 150, 180ನೇ ನಿಮಿಷಕ್ಕೆ ಒಂದೊಂದು ಪಾಲು ತೆಗೆದು ಒಣಗಿಸಿ. ಒಂದು ಕಿಲೋ ಎಲೆಯಿಂದ ಬರುವ 220 ಗ್ರಾಂ ಟೀಯಲ್ಲಿ ಐದು ಪಾಲು ಮಾಡಿದರೂ ಒಂದೊಂದಕ್ಕೆ ನಲವತ್ತು ಗ್ರಾಂ ಮೀರಿ ಸಿಗುತ್ತದೆ. ಸಿಟಿಸಿಯಲ್ಲಾದರೆ ಎಲ್ಲ ಬೇಗ, ಹದಿನೈದು ನಿಮಿಷಕ್ಕೊಂದು ಪಾಲು ತೆಗೆಯಬೇಕು. ಮೂಗನ್ನೂ ಬಳಸಿ: ಹಸಿ ಹುಲ್ಲಿನ ವಾಸನೆ ಹೋಗಿ, ಮಾಗಿದ ಹಣ್ಣಿನಂಥ ಕಂಪು ಏಳುವ ಘಳಿಗೆ ಒಂದಿದೆ. ಅದು ಎಷ್ಟನೇ ನಿಮಿಷಕ್ಕೆ ಬಂತೆಂದು ತಳಿಯ ಹೆಸರಿನ ಮುಂದೆ ಬರೆಯಿರಿ. ಒಣಗಿಸುವುದು 100ರಿಂದ 110 ಡಿಗ್ರಿಯಲ್ಲಿ, ಮುರಿದರೆ ಚಟ್ ಎನ್ನುವವರೆಗೆ. ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ವಾರ ಇಟ್ಟು ಆಮೇಲೆ ಕುಡಿಯಿರಿ.

ಇದನ್ನು ವರ್ಷಕ್ಕೆ ಮೂರು ಸಲವಾದರೂ ಮಾಡಬೇಕು: ಮೇ-ಜೂನಿನ ಎಲೆ ನುಗ್ಗುವ ಕಾಲದಲ್ಲಿ, ಜುಲೈ-ಆಗಸ್ಟ್ ಮಳೆಯಲ್ಲಿ, ಡಿಸೆಂಬರ್-ಫೆಬ್ರುವರಿಯ ಚಳಿಯಲ್ಲಿ. ನೀಲಗಿರಿಯ ಪರಿಮಳದ ಟೀ ಹುಟ್ಟುವುದು ಆ ಚಳಿಯಲ್ಲೇ, ಚಿಗುರು ನಿಧಾನವಾಗಿ ಬೆಳೆಯುವಾಗ. ಆ ಕಾಲದಲ್ಲಿ ಎಲ್ಲ ತಳಿಯೂ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ. ತಳಿಯ ಸತ್ವ ಗೊತ್ತಾಗುವುದು ಆಗಸ್ಟಿನ ಟೀಯಲ್ಲಿ.

ಕುಡಿದು ನೋಡುವುದು

ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3103 ಹೇಳುವಂತೆ 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ ಟೀ, ಮುಚ್ಚಿ 6 ನಿಮಿಷ. ದಿನವೂ ಮನೆಯಲ್ಲಿ ಕುಡಿಯುವುದಕ್ಕಿಂತ ಇದು ಗಟ್ಟಿ, ಚೊಗರು. ದೋಷಗಳು ಎದ್ದು ಕಾಣಲೆಂದೇ ಹೀಗೆ. ಎಲ್ಲ ಕಪ್ಪಿಗೂ ಒಂದೇ ಪಾತ್ರೆಯ ನೀರು. ಮೊದಲು ಹಾಲಿಲ್ಲದೆ, ಆಮೇಲೆ ಹಾಲು ಹಾಕಿ. ಹಾಲಿನ ಹೆಜ್ಜೆ ಬಿಡಬೇಡಿ: ಹಾಲಿಲ್ಲದೆ ಚೆನ್ನಾಗಿ ಹೊಳೆಯುವ ಟೀ ಹಾಲು ಬಿದ್ದೊಡನೆ ಬೂದಿ ಬಣ್ಣಕ್ಕೆ ತಿರುಗಿದರೆ ನಮ್ಮ ಹೋಟೆಲುಗಳಲ್ಲಿ ಅದಕ್ಕೆ ಗಿರಾಕಿ ಇಲ್ಲ. ಕೆಂಪು ಬೆರೆತ ಹೊಂಬಣ್ಣ ನಿಲ್ಲಬೇಕು.

ಐದು ಅಂಶಕ್ಕೆ ಹತ್ತರಲ್ಲಿ ಅಂಕ ಕೊಡಿ: ನೆನೆದ ಎಲೆಯ ಬಣ್ಣ, ರಸದ ಬಣ್ಣ, ಚುರುಕು, ಗಟ್ಟಿತನ, ಪರಿಮಳ. ನೆನೆದ ಎಲೆ ಹೊಸ ತಾಮ್ರದ ಬಣ್ಣಕ್ಕಿದ್ದರೆ ಒಳ್ಳೆಯದು, ಹಸಿರುಳಿದಿದ್ದರೆ ಹದ ಸಾಲದು, ಕಂದು ಕಪ್ಪಾಗಿದ್ದರೆ ಮೀರಿದೆ. ಚುರುಕು ಎಂದರೆ ಬಾಯಿ ಎಚ್ಚರಗೊಳ್ಳುವ ಗುಣ, ಒಸಡು ಸ್ವಲ್ಪ ಬಿಗಿಯುತ್ತದೆ, ನುಂಗಿದಮೇಲೆ ಬಾಯಿ ಸ್ವಚ್ಛವಾಗುತ್ತದೆ. ನಾಲಿಗೆಯ ಮೇಲೆ ಒಗರು ಅಂಟಿಕೊಂಡೇ ಕೂತರೆ ಅದು ಚುರುಕಲ್ಲ, ಕಹಿ ಒಗರು. ಎರಡನ್ನೂ ಗೊಂದಲ ಮಾಡಿಕೊಂಡರೆ ಅಂಕಪಟ್ಟಿಯೇ ತಲೆಕೆಳಗಾಗುತ್ತದೆ.

ಕಪ್ಪುಗಳ ಮೇಲೆ ತಳಿಯ ಹೆಸರು ಇರಬಾರದು, ಮೂರಂಕಿಯ ಗುರುತು ಮಾತ್ರ. ಟೀ ಮಾಡಿದವರು ರುಚಿ ನೋಡಬಾರದು. ಹೋಲಿಕೆಯ ತಳಿಯನ್ನು ಎರಡು ಬೇರೆ ಗುರುತಿನಲ್ಲಿ ಎರಡು ಕಪ್ ಇಡಿ. ಅದೇ ಟೀಗೆ ಒಂದು ಕಡೆ ಐದು, ಇನ್ನೊಂದು ಕಡೆ ಎಂಟು ಕೊಟ್ಟವರ ಅಂಕವನ್ನು ಆ ದಿನ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅವರು ಎಷ್ಟೇ ಹಿರಿಯರಾಗಿರಲಿ. ಎರಡು ತಳಿಗಳ ನಡುವೆ ವ್ಯತ್ಯಾಸವೇ ಇಲ್ಲವೇನೋ ಎನಿಸಿದರೆ ಮೂರು ಕಪ್ಪಿನ ಪರೀಕ್ಷೆ ಮಾಡಿ: ಎರಡರಲ್ಲಿ ಒಂದೇ ಟೀ, ಮೂರನೆಯದರಲ್ಲಿ ಬೇರೆ, ಬೇರೆಯದನ್ನು ಗುರುತಿಸಬೇಕು. ಹನ್ನೆರಡು ಸಲದಲ್ಲಿ ಎಂಟಾದರೂ ಸರಿಯಾದರೆ ವ್ಯತ್ಯಾಸ ನಿಜ ಎಂದು ನಂಬಬಹುದು. ನಾಲ್ಕು ಸಲ ಬರೀ ಊಹೆಯಿಂದಲೇ ಸರಿಹೋಗುತ್ತದೆ.

ಪ್ರಯೋಗಾಲಯದ ಅಂಕಿಗಳೂ ಸಿಕ್ಕರೆ ಒಳ್ಳೆಯದು. ಥಿಯಾಫ್ಲಾವಿನ್‌ಗೂ ಥಿಯಾರುಬಿಜಿನ್‌ಗೂ 1:10ರಿಂದ 1:12ರ ಪ್ರಮಾಣ ಇದ್ದರೆ ಸಮತೋಲದ ಟೀ ಎನ್ನುತ್ತಾರೆ. ಐಎಸ್‌ಒ 3720 ಪ್ರಕಾರ ನೀರಿಗೆ ಬಿಡುವ ಸಾರ ಕನಿಷ್ಠ ಶೇ. 32 ಇರಬೇಕು, ನಾರು ಶೇ. 16.5 ಮೀರಬಾರದು. ಇವು ಕಳಪೆಯನ್ನು ಜರಡಿ ಹಿಡಿಯಲು ಸಾಕು, ಒಳ್ಳೆಯದು ಮತ್ತು ಅತ್ಯುತ್ತಮದ ನಡುವೆ ಆರಿಸಲು ನಾಲಿಗೆಯೇ ಬೇಕು. ಇನ್ನೊಂದು ಮಾತು: ಯಾವ ಟೀಗಾಗಿ ತಳಿಯೋ ಆ ಟೀ ಮಾಡಿಯೇ ನೋಡಬೇಕು. ಕೆನ್ಯಾ 2011ರಲ್ಲಿ ಬಿಡುಗಡೆ ಮಾಡಿದ ನೇರಳೆ ಎಲೆಯ ಟಿಆರ್‌ಎಫ್‌ಕೆ 306 ತಳಿಯನ್ನು ಹಾಲಿನ ಸಿಟಿಸಿಯ ಅಳತೆಗೋಲಿನಿಂದ ಅಳೆದರೆ ಅದಕ್ಕೆ ಅನ್ಯಾಯ. ಅದರ ನೇರಳೆ ಬಣ್ಣದ ಆಂಥೋಸಯನಿನ್‌ಗೇ ಬೇರೆ ಮಾರುಕಟ್ಟೆ.

ಯಾವುದನ್ನು ನೆಡುವುದು

ನಿಮ್ಮ ಎಲೆ ಯಾರಿಗೆ ಹೋಗುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಎಲ್ಲರ ಹಸಿ ಎಲೆಯನ್ನೂ ಒಂದೇ ಬೆಲೆಗೆ ಕೊಂಡು ಒಂದೇ ರಾಶಿಗೆ ಸುರಿಯುವ ಕಾರ್ಖಾನೆಗೆ ಕೊಡುವವರಿಗೆ ಪರಿಮಳದ ತಳಿಯಿಂದ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ, ಇಳುವರಿ ಮಾತ್ರ ಕಡಿಮೆಯಾಗುತ್ತದೆ. ಇದು ಬೇಸರದ ಮಾತು, ಆದರೆ ನಿಜ. ಅವರು ಇಳುವರಿ ಮತ್ತು ತಾಳಿಕೆಯಲ್ಲಿ ಗೆದ್ದ ತಳಿಗಳ ಪೈಕಿ ರುಚಿಯಲ್ಲಿ ಹೋಲಿಕೆಯ ತಳಿಗಿಂತ ಕೆಳಗಿಳಿಯದ್ದನ್ನು ಆರಿಸಲಿ. ಸ್ವಂತವಾಗಿ ಟೀ ಮಾಡುವವರು, ಗುಂಪು ಕಟ್ಟಿಕೊಂಡು ತಮ್ಮ ಎಲೆಯನ್ನು ಬೇರೆಯೇ ತಯಾರಿಸಿ ಕೂನೂರಿನ ಹರಾಜಿಗೋ ನೇರ ಗಿರಾಕಿಗೋ ಕೊಡುವವರು ಲೆಕ್ಕವನ್ನು ತಿರುಗಿಸಬೇಕು: ಹೆಕ್ಟೇರಿಗೆ ಬರುವ ಟೀಯ ಕಿಲೋವನ್ನು ಆ ಟೀಗೆ ಸಿಗುವ ಬೆಲೆಯಿಂದ ಗುಣಿಸಿ, ಕೀಳುವ ಖರ್ಚು ಕಳೆದು, ಉಳಿದ ಮೊತ್ತವನ್ನು ತಳಿಗಳ ನಡುವೆ ಹೋಲಿಸಬೇಕು. ಶೇ. 15 ಕಡಿಮೆ ತೂಗುವ ತಳಿ ಶೇ. 30 ಹೆಚ್ಚು ಬೆಲೆ ತಂದರೆ ಅದೇ ಗೆದ್ದದ್ದು.

ಗೆದ್ದದ್ದು ಒಂದೇ ಆದರೂ ತೋಟವನ್ನೆಲ್ಲ ಅದರಿಂದಲೇ ತುಂಬಬೇಡಿ. ಕ್ಲೋನ್ ಎಂದರೆ ಸಾವಿರ ಗಿಡವೂ ಒಂದೇ ಗಿಡ. ಒಂದಕ್ಕೆ ಹತ್ತಿದ ರೋಗಕ್ಕೆ ಉಳಿದವೆಲ್ಲ ಅದೇ ರೀತಿ ಬಲಿಯಾಗುತ್ತವೆ. ಮೂರು ನಾಲ್ಕು ತಳಿಯನ್ನು ಬೇರೆ ಬೇರೆ ತಾಕಿನಲ್ಲಿ ಹಾಕಿ, ಸಾಲಿನಲ್ಲಿ ಬೆರೆಸಬೇಡಿ. ಬೆರೆಸಿದರೆ ಕೊಯ್ಲಿನ ಹದವೂ ಕಿಣ್ವದ ಹದವೂ ಒಂದಕ್ಕೊಂದು ಕೂಡುವುದಿಲ್ಲ. ಬರ ತಡೆಯುವುದು ಮೇಲಿನ ತೆಳು ಮಣ್ಣಿಗೆ, ರುಚಿಯದು ಚಳಿ ಗಾಳಿ ಆಡುವ ಎತ್ತರಕ್ಕೆ, ಎಲೆ ನುಗ್ಗಿಸುವುದು ದಾರಿಗೆ ಹತ್ತಿರದ ಆಳ ಮಣ್ಣಿಗೆ. ಪರೀಕ್ಷೆಯ ಕಾಲು ಎಕರೆಯನ್ನು ಕಿತ್ತುಹಾಕದೆ ಇನ್ನೊಂದು ಪ್ರೂನಿಂಗ್ ಸುತ್ತು ಮುಗಿಯುವವರೆಗೂ ತೂಗುತ್ತಾ ಹೋಗಿ. ಮುಂದೆ ಯಾವುದಾದರೂ ಹೊಸ ಕ್ಲೋನ್ ಕೈಗೆ ಬಂದರೆ ಅಲ್ಲಿನ ಕಾವಲು ಸಾಲು ಕಿತ್ತು, ಆ ಜಾಗದಲ್ಲಿ ನಾಲ್ಕೂ ಬ್ಲಾಕಿಗೆ ನಲವತ್ತು ನಲವತ್ತು ಗಿಡ ಸೇರಿಸಿ, ಅದರಾಚೆ ಹೊಸ ಕಾವಲು ಸಾಲು ಹಾಕಿಕೊಳ್ಳಿ.